ಸತ್ತ ಎತ್ತಿನ ಹೆಸರು ಕಪ್ಪು ಹಲಗೆಯ ಮೇಲೆ: ಒಂಬತ್ತನೇ ತರಗತಿಯ ಪಶುಸಂಗೋಪನೆ ಪಾಠಕ್ಕೆ ಒಂದು ಪೂರಕ ಯೋಜನೆ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ 'ಆಹಾರ ಸಂಪನ್ಮೂಲಗಳ ಸುಧಾರಣೆ' ಎಂಬ ಅಧ್ಯಾಯವಿದೆ. ಅದರಲ್ಲಿ ಪಶುಸಂಗೋಪನೆಗೆ ಸಿಕ್ಕಿರುವ ಜಾಗ ಸ್ವಲ್ಪವೇ. ದನಗಳನ್ನು ಹಾಲಿಗಾಗಿ ಸಾಕುತ್ತಾರೆ, ಉಳುಮೆ ಮತ್ತು ಗಾಡಿಯ ಕೆಲಸಕ್ಕಾಗಿ ಸಾಕುತ್ತಾರೆ, ಕೊಟ್ಟಿಗೆ ಇಳಿಜಾರಾಗಿ, ಗಾಳಿ ಬೆಳಕು ಬರುವಂತಿರಬೇಕು, ಮೇವಿನಲ್ಲಿ ನಾರಿನಂಶವಿರಬೇಕು, ಉಣ್ಣೆ, ಜಂತುಹುಳು ಇತ್ಯಾದಿ ಪರಾವಲಂಬಿಗಳು ಬರುತ್ತವೆ, ಲಸಿಕೆ ಹಾಕಿಸಬೇಕು. ಇಷ್ಟನ್ನು ಒಂದೂವರೆ ಅವಧಿಯಲ್ಲಿ ಮುಗಿಸಬಹುದು, ಬಹುತೇಕ ಪ್ರಶಿಕ್ಷಣಾರ್ಥಿಗಳು ಮುಗಿಸುತ್ತಾರೆ. ನಾವು ಪಾಠ ಮಾಡುವ ತಾಲ್ಲೂಕುಗಳಲ್ಲಿ ಇದು ಅಷ್ಟು ಬೇಗ ಮುಗಿಯುವ ವಿಷಯವಲ್ಲ. ಸಿರುಗುಪ್ಪದ ಭತ್ತದ ಸೀಮೆಯಲ್ಲಾಗಲಿ ಕುರುಗೋಡಿನ ಕಡೆಯ ಎರೆಭೂಮಿಯಲ್ಲಾಗಲಿ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯಲ್ಲಿ ಒಂದಾದರೂ ದನ, ಎಮ್ಮೆ, ಕುರಿ ಇದೆ ಅಥವಾ ಇತ್ತು. 'ಇತ್ತು' ಎಂಬ ಆ ಭೂತಕಾಲದ ಕ್ರಿಯಾಪದವನ್ನು ವಿಜ್ಞಾನದ ಅವಧಿಯಲ್ಲಿ ಹೇಗೆ ನಿಭಾಯಿಸಬೇಕು ಎಂಬುದೇ ಈ ಲೇಖನದ ವಿಷಯ.

ಇಂಟರ್ನ್‌ಶಿಪ್ ಅವಧಿಯಲ್ಲಿ ಸಿರುಗುಪ್ಪ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಪಾಠವನ್ನು ಮೂರು ಅವಧಿಗಳಾಗಿ ಮಾಡಿದೆ. ನಂತರ ಕುರುಗೋಡು ತಾಲ್ಲೂಕಿನ ಶಾಲೆಯೊಂದರಲ್ಲಿ ಎರಡು ಅವಧಿಗಳಾಗಿಯೂ, ಬಳ್ಳಾರಿ ನಗರದಲ್ಲಿ ಪ್ರಾತ್ಯಕ್ಷಿಕೆಯಾಗಿ ಒಂದೇ ಅವಧಿಯಲ್ಲಿಯೂ ಮಾಡಿದೆ. ಮೂರೂ ಕಡೆ ಪೂರ್ವಜ್ಞಾನ ಪರೀಕ್ಷೆಗೆ ಇಟ್ಟುಕೊಂಡದ್ದು ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾವ ಪ್ರಾಣಿಗಳಿವೆ? ಮೂರೂ ಕಡೆ ಎರಡು ನಿಮಿಷದೊಳಗೆ ಯಾರಾದರೂ ಒಬ್ಬರು ಈಗ ಇಲ್ಲದ ಪ್ರಾಣಿಯ ಮಾತೆತ್ತಿದರು. ಸಿರುಗುಪ್ಪದಲ್ಲಿ ಒಬ್ಬ ಹುಡುಗ, "ನಮ್ಮ ಎಡೆತ್ತು ಸತ್ತೈತಿ ಸಾರ್, ಬಲದ್ದನ್ನ ಮಾರಿದ್ರು" ಎಂದ. ಒಂದು ಎತ್ತು ಸತ್ತರೆ ಇನ್ನೊಂದು ತಾನಾಗಿ ಹೋಗುತ್ತದೆ ಎಂಬುದು ಒಕ್ಕಲುತನದ ಲೆಕ್ಕ. ಪಠ್ಯದಲ್ಲಿ ಆ ಲೆಕ್ಕವಿಲ್ಲ. ಪಕ್ಕದ ಬೆಂಚಿನವರು ನಕ್ಕರು. ನಗು ಕ್ರೌರ್ಯದಿಂದ ಬಂದದ್ದಲ್ಲ, ಇಂಥ ಮಾತು ಬಂದಾಗ ಏನು ಮಾಡಬೇಕೆಂದು ತಿಳಿಯದ ಹದಿನಾಲ್ಕು ವರ್ಷದವರ ನಗು ಅದು. ಅವನ ಎತ್ತಿನ ಹೆಸರು ಕೇಳಿದೆ. ರಾಮ. ಹಲಗೆಯ ಮೇಲೆ 'ಉಳುಮೆಯ ಪ್ರಾಣಿಗಳು' ಎಂಬ ಶೀರ್ಷಿಕೆಯ ಕೆಳಗೆ 'ರಾಮ' ಎಂದು ಬರೆದೆ. ನಗು ನಿಂತಿತು, ಮತ್ತೆ ಆರೇಳು ಕೈಗಳು ಮೇಲೆದ್ದವು.

ಇದು ವಿಜ್ಞಾನದ ಪಾಠವೇ?

ಪಾಠ ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕ ಉಪನ್ಯಾಸಕರು ಟಿಪ್ಪಣಿ ಪುಸ್ತಕದಲ್ಲಿ ಬರೆದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ಕನ್ನಡ ಭಾಷೆಯ ಅವಧಿಯಲ್ಲಿ 'ಗೋವಿನ ಹಾಡು' ಇದೆ, ಪುಣ್ಯಕೋಟಿ ಇದ್ದಾಳೆ. ಅಲ್ಲಿ ಅಳುವುದಕ್ಕೂ ಅಂಕವಿದೆ. ವಿಜ್ಞಾನದವರು ತಳಿ, ರೋಗ, ಇಳುವರಿ ಹೇಳಿ ಮುಗಿಸಬೇಕಲ್ಲವೇ ಎಂದು ನನ್ನ ಸಹಪಾಠಿಗಳಲ್ಲಿ ಕೆಲವರಿಗೂ ಅನ್ನಿಸಿತ್ತು.

ನನ್ನ ಉತ್ತರ ಎರಡು ಮಾತಿನದು. ಮೊದಲನೆಯದು, ನಾವು ಪಾಠ ಯೋಜನೆಯಲ್ಲಿ ಜ್ಞಾನಾತ್ಮಕ, ಭಾವನಾತ್ಮಕ, ಕ್ರಿಯಾತ್ಮಕ ಎಂದು ಮೂರು ವಲಯಗಳನ್ನು ತಪ್ಪದೆ ಬರೆಯುತ್ತೇವೆ. ಭಾವನಾತ್ಮಕ ವಲಯದ ಎದುರು ಹೆಚ್ಚಿನವರು ಬರೆಯುವುದು 'ವಿದ್ಯಾರ್ಥಿಯು ಪ್ರಾಣಿಗಳ ಮಹತ್ವವನ್ನು ಪ್ರಶಂಸಿಸುತ್ತಾನೆ' ಎಂಬ ಒಂದೇ ವಾಕ್ಯ. ಆ ವಾಕ್ಯಕ್ಕೆ ತರಗತಿಯಲ್ಲಿ ಒಂದು ನಿಮಿಷವೂ ಸಿಗುವುದಿಲ್ಲ. ಎರಡನೆಯದು, ತನ್ನ ಮನೆಯ ಹಸು ಯಾಕೆ ಸತ್ತಿತು ಎಂಬುದು ಆ ಮಗುವಿಗೆ ನಿಜವಾದ ವೈಜ್ಞಾನಿಕ ಪ್ರಶ್ನೆ. ಉತ್ತರ ತಿಳಿಯದೆ ಅದು ತನ್ನನ್ನೇ ದೂರಿಕೊಳ್ಳಬಹುದು. ಕುರುಗೋಡಿನ ಶಾಲೆಯಲ್ಲಿ ಒಬ್ಬ ಹುಡುಗಿ ತನ್ನ ಪುಟದಲ್ಲಿ, ತಾನು ಸಂಜೆ ನೀರು ಕುಡಿಸುವುದು ಮರೆತದ್ದರಿಂದಲೇ ಕರು ಸತ್ತಿತು ಎಂದು ಬರೆದಿದ್ದಳು. ಕರುವಿಗೆ ಮೈತುಂಬ ಗಂಟು ಎದ್ದಿದ್ದವು, ಜ್ವರವಿತ್ತು, ಮೇವು ಬಿಟ್ಟಿತ್ತು ಎಂಬುದೂ ಅದೇ ಪುಟದಲ್ಲಿತ್ತು. ಅದು ಚರ್ಮಗಂಟು ರೋಗದ ಲಕ್ಷಣ. ಒಂದು ಸಂಜೆಯ ನೀರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಬಲ್ಲವರು ಆ ಶಾಲೆಯಲ್ಲಿ ಯಾರು? ವಿಜ್ಞಾನ ಶಿಕ್ಷಕರೇ.

ಮಗುವಿನ ದುಃಖಕ್ಕೆ ಸಂಬಂಧಿಸಿದಂತೆ ನಮ್ಮ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಓದಿದ್ದನ್ನೂ ಇಲ್ಲಿ ಸ್ವಲ್ಪ ಹೇಳಬೇಕು. 1948ರಲ್ಲಿ ಮರಿಯಾ ನಾಗಿ ಹಂಗೆರಿಯ ಮಕ್ಕಳು ಸಾವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬ ಅಧ್ಯಯನವನ್ನು ಪ್ರಕಟಿಸಿದರು. ಐದು ವರ್ಷಕ್ಕಿಂತ ಚಿಕ್ಕವರಿಗೆ ಸಾವು ಒಂದು ಅಗಲಿಕೆ ಅಥವಾ ನಿದ್ದೆ. ಒಂಬತ್ತರ ಹೊತ್ತಿಗೆ ಅದು ಎಲ್ಲರಿಗೂ ಬರುವ, ಹಿಂದಿರುಗದ ಸಂಗತಿ ಎಂದು ತಿಳಿಯುತ್ತದೆ ಎಂಬುದು ಅವರ ಕಾಣ್ಕೆ. ನಂತರದವರು ಈ ತಿಳಿವಳಿಕೆ ಇನ್ನೂ ಬೇಗ ಬರುತ್ತದೆ ಎಂದರು. ಹಳ್ಳಿಯ ಮಕ್ಕಳಿಗೆ ಮೊದಲ ಸಾವಿನ ಪರಿಚಯ ಮಾಡಿಕೊಡುವುದು ಬಹುಪಾಲು ಒಂದು ಮರಿಯೋ ಕರುವೋ ನಾಯಿಯೋ. ಒಂಬತ್ತನೇ ತರಗತಿಯವರಿಗೆ ಸಾವು ಎಂದರೇನು ಎಂದು ವಿವರಿಸುವ ಅಗತ್ಯವಿಲ್ಲ. ಅವರಿಗೆ ಬೇಕಾದದ್ದು ಅದರ ಬಗ್ಗೆ ಮಾತಾಡಲು ಅನುಮತಿ. ಅಮೆರಿಕದ ಕೆನೆತ್ ಡೋಕಾ 1989ರಲ್ಲಿ, ಸಮಾಜ ಒಪ್ಪದ, ಶೋಕಿಸಲು ಹಕ್ಕೇ ಇಲ್ಲವೆನ್ನುವಂಥ ದುಃಖ ಎಂಬ ಪರಿಕಲ್ಪನೆ ಕೊಟ್ಟರು. ಸಾಕುಪ್ರಾಣಿಯ ಸಾವು ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಅಜ್ಜ ಸತ್ತರೆ ಮಗುವಿಗೆ ರಜೆ ಸಿಗುತ್ತದೆ; ಅಜ್ಜನ ಎತ್ತು ಸತ್ತ ಮರುದಿನ ಮಗು ಮನೆಗೆಲಸ ಒಪ್ಪಿಸಬೇಕು.

ಒಂದು ಪಕ್ಕದ ಮಾತು. ಎಲಿಸಬೆತ್ ಕೂಬ್ಲರ್-ರಾಸ್ ಅವರ ಐದು ಹಂತಗಳ ಚಾರ್ಟು ನಮ್ಮ ಕಾಲೇಜಿನ ಪ್ರದರ್ಶನಗಳಲ್ಲಿ ಪ್ರತಿ ವರ್ಷ ಕಾಣಿಸುತ್ತದೆ. ಅದನ್ನು ಈ ಪಾಠಕ್ಕೆ ಬೋಧನೋಪಕರಣವಾಗಿ ತರಬೇಡಿ. 1969ರ ಅವರ ಪುಸ್ತಕ ಹುಟ್ಟಿದ್ದು ಸಾವಿನಂಚಿನಲ್ಲಿದ್ದ ರೋಗಿಗಳ ಜೊತೆಗಿನ ಮಾತುಕತೆಯಿಂದ. ಎಮ್ಮೆ ಕಳೆದುಕೊಂಡ ಮಗುವನ್ನು 'ನೀನು ಈಗ ಮೂರನೇ ಹಂತದಲ್ಲಿದ್ದೀಯ' ಎಂದು ಅಳೆಯುವುದಕ್ಕೆ ಅಲ್ಲ.

ಮೊದಲ ಅವಧಿ: ನೆನಪಿನ ಪುಟ

ಮಕ್ಕಳಿಗೆ ಒಂದೊಂದು ಖಾಲಿ ಹಾಳೆ ಕೊಟ್ಟೆ. ಈಗ ನಿಮ್ಮಲ್ಲಿಲ್ಲದ ಒಂದು ಪ್ರಾಣಿಯ ಬಗ್ಗೆ ಬರೆಯಿರಿ: ಹೆಸರು, ಬಣ್ಣ, ಕೊಂಬಿನ ಆಕಾರ, ಎಲ್ಲಿಂದ ಬಂತು, ಏನು ಕೆಲಸ ಮಾಡುತ್ತಿತ್ತು, ಏನು ತಿನ್ನುತ್ತಿತ್ತು, ಅದಕ್ಕಿದ್ದ ಒಂದು ಚಾಳಿ, ಹೇಗೆ ಹೋಯಿತು. ಬರೆಯಲು ಇಷ್ಟವಿಲ್ಲದವರು ಈಗಿರುವ ಪ್ರಾಣಿಯ ಬಗ್ಗೆ ಬರೆಯಬಹುದು, ಪ್ರಾಣಿ ಇಲ್ಲದವರು ನೆರೆಮನೆಯದರ ಬಗ್ಗೆ. ಓದಿ ಹೇಳುವುದು ಕಡ್ಡಾಯವಲ್ಲ. ಅಂಕವಿಲ್ಲ, ಕೆಂಪು ಶಾಯಿಯಿಲ್ಲ, ಕಾಗುಣಿತ ತಿದ್ದುವುದಿಲ್ಲ. ಈ ಕೊನೆಯ ಮಾತು ಹೇಳಿದ ಮೇಲೆ ಪುಟಗಳು ಉದ್ದವಾದವು.

'ಹೇಗೆ ಹೋಯಿತು' ಎಂದೇ ಕೇಳಬೇಕು, 'ಹೇಗೆ ಸತ್ತಿತು' ಎಂದಲ್ಲ. ಸಿರುಗುಪ್ಪದ ಪುಟಗಳಲ್ಲಿ ಸತ್ತ ಪ್ರಾಣಿಗಳಷ್ಟೇ ಮಾರಿದ ಪ್ರಾಣಿಗಳೂ ಇದ್ದವು. ಟ್ರ್ಯಾಕ್ಟರ್ ಬಂದ ಮೇಲೆ ಜೋಡೆತ್ತು ಸಂತೆಗೆ ಹೋದದ್ದು, ಅಕ್ಕನ ಮದುವೆಗೆ ಎಮ್ಮೆ ಹೋದದ್ದು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 19 ಕೋಟಿ ದನಗಳಿವೆ. 2012ರ ಗಣತಿಗೆ ಹೋಲಿಸಿದರೆ ಹೆಣ್ಣು ದನಗಳು ಶೇ. 18ರಷ್ಟು ಹೆಚ್ಚಾಗಿವೆ, ಗಂಡು ದನಗಳು ಸುಮಾರು ಶೇ. 30ರಷ್ಟು ಕಡಿಮೆಯಾಗಿವೆ. ಈ ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಯಾಕಿರಬಹುದು ಎಂದು ಕೇಳಿದಾಗ ತರಗತಿಯೇ ಉತ್ತರ ಕೊಟ್ಟಿತು. 'ಉಳುಮೆಯ ಪ್ರಾಣಿ' ಎಂಬ ಪಠ್ಯದ ವರ್ಗ ತಮ್ಮ ಕಣ್ಣೆದುರಿಗೇ ಖಾಲಿಯಾಗುತ್ತಿದೆ ಎಂದು ಅವರಿಗೆ ಗೊತ್ತು. ಸತ್ತದ್ದಕ್ಕೆ ಒಂದು ಗುಂಡಿಯಾದರೂ ಇರುತ್ತದೆ, ಅಲ್ಲಿ ಹೋಗಿ ನಿಲ್ಲಬಹುದು. ಮಾರಿದ್ದು ಎಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಒಬ್ಬ ಹುಡುಗ ತಮ್ಮ ಎತ್ತು ಎರಡನೇ ದಿನ ಹಗ್ಗ ಹರಿದುಕೊಂಡು ಕಾಲುವೆ ದಂಡೆ ಹಿಡಿದು ವಾಪಸು ಬಂದದ್ದನ್ನೂ, ಅಪ್ಪ ಮತ್ತೆ ಕೊಟ್ಟುಬಂದದ್ದನ್ನೂ ಬರೆದಿದ್ದ. ಆ ಪುಟವನ್ನು ಅವನು ಓದಲಿಲ್ಲ, ನಾನೂ ಓದಿಸಲಿಲ್ಲ.

ನಗರದ ಶಾಲೆಯ ಪುಟಗಳು ಬೇರೆ. ಲಾರಿಗೆ ಸಿಕ್ಕ ಬೆಕ್ಕು, ಬೀದಿಯಿಂದ ತಂದ ನಾಯಿಮರಿ, ಮೀನಿನ ತೊಟ್ಟಿ. ಒಬ್ಬಳು ಪಂಜರದ ಗಿಳಿಯ ಬಗ್ಗೆ ಬರೆದಿದ್ದಳು. ನಮ್ಮ ದೇಶದ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಇದನ್ನು ವಿಜ್ಞಾನ ಶಿಕ್ಷಕರು ಹೇಳಲೇಬೇಕು. ಆದರೆ ಗಿಳಿ ಸತ್ತ ದುಃಖವನ್ನು ಬರೆದ ಗಂಟೆಯಲ್ಲೇ, ಅದೂ ಅವಳ ಮುಖ ನೋಡಿಕೊಂಡು ಹೇಳಬೇಕಿಲ್ಲ. ವನ್ಯಜೀವಿ ಪಾಠ ಬೇರೆಯೇ ಇದೆ, ಅಲ್ಲಿ ಎಲ್ಲರಿಗೂ ಸೇರಿಸಿ ಹೇಳಿದರಾಯಿತು.

ಹುಡುಗರಲ್ಲಿ ಕೆಲವರು ಅಳು ತಡೆದುಕೊಂಡರು. '777 ಚಾರ್ಲಿ' ಸಿನಿಮಾ ನೋಡಿ ಅತ್ತವರು ಕೈಯೆತ್ತಿ ಎಂದರೆ ಒಂದೂ ಕೈ ಏಳಲಿಲ್ಲ. ಪಕ್ಕದವನು ಅತ್ತದ್ದನ್ನು ಹೇಳಿ ಎಂದಾಗ ತರಗತಿ ಗೊಲ್ಲೆಂದಿತು, ಎಲ್ಲರೂ ಎಲ್ಲರ ಮೇಲೂ ಹೇಳಿದರು. 2022ರ ಜೂನ್‌ನಲ್ಲಿ ಆ ಸಿನಿಮಾ ನೋಡಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ತೀರಿಹೋಗಿದ್ದ ತಮ್ಮ ಮನೆಯ ನಾಯಿಯನ್ನು ನೆನೆದು ಕ್ಯಾಮೆರಾಗಳ ಎದುರೇ ಕಣ್ಣೊರೆಸಿಕೊಂಡದ್ದನ್ನು ನೆನಪಿಸಿದೆ. ರಾಜಕೀಯ ಬದಿಗಿಟ್ಟು ಹೇಳುವುದಾದರೆ, ಗಂಡಸರು ಅಳಬಾರದು ಎಂಬ ಮಾತಿಗೆ ಅದಕ್ಕಿಂತ ಚುಟುಕಾದ ಉತ್ತರ ನನಗೆ ಸಿಕ್ಕಿಲ್ಲ.

ಎರಡನೇ ಅವಧಿ: ಬೇರೆಯವರು ಹೇಗೆ ನೆನೆದರು

ಇದು ನನಗೆ ಅತ್ಯಂತ ಇಷ್ಟವಾದ ಅವಧಿ. ಸಮಾಜ ವಿಜ್ಞಾನದ ಶಿಕ್ಷಕರು ಜೊತೆಗಿದ್ದರೆ ಇನ್ನೂ ಚೆನ್ನ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಗೆದ್ದ ಯುದ್ಧ, ಅದರಲ್ಲಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು, ಇವೆಲ್ಲ ಆ ಶಾಸನದಲ್ಲಿವೆ. ಇತಿಹಾಸದ ಪುಸ್ತಕಗಳು ಆ ಕಾರಣಕ್ಕೇ ಅದನ್ನು ಹೆಸರಿಸುತ್ತವೆ. ಆದರೆ ಕಲ್ಲು ನೆಟ್ಟದ್ದು ಒಂದು ನಾಯಿಗಾಗಿ. ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರನಿಗೆ ಬೂತುಗ, ಏನು ಬೇಕೋ ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ನಾಯಿ ಮತ್ತು ಹಂದಿಯ ಕಾದಾಟವನ್ನು ಕಲ್ಲಿನ ಮೇಲೆ ಕೆತ್ತಿದೆ. ಗುಡಿಯನ್ನು ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂಬ ಕಟ್ಟಳೆಯೂ ಅದರಲ್ಲಿದೆ.

'ಗೊರವ' ಎಂಬ ಶಬ್ದ ಬಂದ ಕೂಡಲೇ ನಮ್ಮ ಮಕ್ಕಳು ಕಿವಿ ನಿಮಿರಿಸುತ್ತಾರೆ. ಮೈಲಾರಲಿಂಗನ ಗೊರವಪ್ಪಗಳನ್ನು ನೋಡದ ಮಗು ಈ ಸೀಮೆಯಲ್ಲಿ ಕಡಿಮೆ. ಕರಿ ಕಂಬಳಿ, ಡಮರುಗ. ದೋಣಿ ಸೇವೆಯಲ್ಲಿ ದೇವರ ನಾಯಿಗಳಾಗಿ ಬೊಗಳುತ್ತ ಪ್ರಸಾದ ತಿನ್ನುವ ಗೊರವರು. ಹತ್ತನೇ ಶತಮಾನದ ಗೊರವನೆಂದರೆ ಶೈವ ಪೂಜಾರಿ, ಇಂದಿನವರು ಮೈಲಾರನ ಒಕ್ಕಲು. ಎರಡೂ ಒಂದೇ ಎಂದು ಮಕ್ಕಳ ಎದುರು ಹೇಳಿಬಿಡಬಾರದು. ಆದರೆ ಶಬ್ದ ಒಂದೇ, ಎರಡೂ ಕಡೆ ನಾಯಿ ಇದೆ. ಅಷ್ಟು ಕುತೂಹಲ ಹುಟ್ಟಿದರೆ ಸಾವಿರ ವರ್ಷದ ಹಿಂದಿನ ಕಲ್ಲು ಹತ್ತಿರವಾಗುತ್ತದೆ.

ಇನ್ನೂ ಹಿಂದಕ್ಕೆ ಹೋಗಲು ಬಳ್ಳಾರಿಯವರು ಬೆಂಗಳೂರಿಗೆ ಹೋಗಬೇಕಿಲ್ಲ. ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳು ನಗರದ ಅಂಚಿನಲ್ಲೇ ಇವೆ. ಅಲ್ಲಿನ ಹಿರೇಗುಡ್ಡದ ಕಪ್ಪು ಡಾಲರೈಟ್ ಬಂಡೆಗಳ ಮೇಲೆ ನವಶಿಲಾಯುಗದವರು ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ಅತಿ ಹೆಚ್ಚು ಇರುವುದು ಉದ್ದ ಕೊಂಬಿನ, ಹಿಣಿಲಿರುವ ದನಗಳು. ಕುಡತಿನಿಯ ಬೂದಿದಿಬ್ಬ ಬಳ್ಳಾರಿ–ಹೊಸಪೇಟೆ ದಾರಿಯಲ್ಲಿ ಬಸ್ಸಿನಿಂದಲೇ ಕಾಣುವಷ್ಟು ಹತ್ತಿರ. ಹಂಪಿಯ ಸಮೀಪ ನಿಂಬಾಪುರದ ಬೂದಿಗುಡ್ಡವನ್ನು ವಾಲಿಯನ್ನು ಸುಟ್ಟ ಜಾಗ ಎಂದು ಜನ ಹೇಳುತ್ತಾರೆ. ಬೂದಿದಿಬ್ಬಗಳೆಂದರೆ ದನಗಾಹಿಗಳು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟ ಸಗಣಿ ಎಂದು ಪುರಾತತ್ವಜ್ಞರು ತೋರಿಸಿದ್ದಾರೆ. ಎಫ್. ಆರ್. ಆಲ್ಚಿನ್ 1957ರಲ್ಲಿ ತೆಲಂಗಾಣದ ಉಟ್ನೂರಿನ ದಿಬ್ಬ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಬಂಡೆಯ ಮೇಲಿನ ಆ ದನಗಳು ಸತ್ತವುಗಳ ನೆನಪೋ, ಇದ್ದವುಗಳ ಹೆಮ್ಮೆಯೋ ಎಂಬ ಚರ್ಚೆಯನ್ನು ನಾನು ಮಕ್ಕಳಿಗೆ ಬಿಟ್ಟೆ. ಸಿರುಗುಪ್ಪದ ಒಬ್ಬಳು ಹೇಳಿದ್ದು: "ಬರೀ ದನ ಅಂತಿದ್ರೆ ಒಂದು ಬರೆದ್ರೆ ಸಾಕಿತ್ತು ಸಾರ್. ಇಷ್ಟೊಂದು ಬರ್ದಾರ ಅಂದ್ರ ಒಂದೊಂದೂ ಬ್ಯಾರೆ ಬ್ಯಾರೆ ದನಾನ." ಬಂಡೆಗಳಿಗೆ ಹೋಗಲು ಆಗದಿದ್ದರೆ ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯವಿದೆ, ಒಂದು ಅರ್ಧ ದಿನದ ಪ್ರವಾಸ ಸಾಕು.

ಹೊರಗಿನ ಎರಡು ಉದಾಹರಣೆಗಳನ್ನು ಬೇಗ ಹೇಳಿದೆ. ಜರ್ಮನಿಯ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ, ಸುಮಾರು 14,000 ವರ್ಷ ಹಳೆಯ ಸಮಾಧಿಯಲ್ಲಿ ಇಬ್ಬರು ಮನುಷ್ಯರ ಜೊತೆ ಒಂದು ನಾಯಿಮರಿಯೂ ಇತ್ತು. ಅದರ ಹಲ್ಲುಗಳನ್ನು ಪರೀಕ್ಷಿಸಿದವರು, ಅದಕ್ಕೆ ಡಿಸ್ಟೆಂಪರ್ ರೋಗ ಬಂದಿತ್ತು, ಯಾರೋ ಆರೈಕೆ ಮಾಡದಿದ್ದರೆ ಅಷ್ಟು ವಾರ ಬದುಕುತ್ತಿರಲಿಲ್ಲ ಎಂದರು. ಕೆಲಸಕ್ಕೆ ಬಾರದ ಕಾಯಿಲೆಯ ಮರಿಗೆ ಆರೈಕೆ, ಸಾಕಣೆಯ ಇತಿಹಾಸದ ಆರಂಭದಲ್ಲೇ. ಇನ್ನೊಂದು ಟೋಕಿಯೊದ ಹಚಿಕೊ. ಅದು ಬದುಕಿದ್ದಾಗಲೇ, 1934ರಲ್ಲಿ, ರೈಲು ನಿಲ್ದಾಣದ ಎದುರು ಪ್ರತಿಮೆಯಾಯಿತು. ಅದಕ್ಕಿಂತ ಮಕ್ಕಳಿಗೆ ಹತ್ತಿರವಾದದ್ದು ನಮ್ಮ ಅರ್ಜುನ. ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಆ ಆನೆ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ ಕಾಡಾನೆಯ ಜೊತೆ ಕಾದಾಡಿ ಸತ್ತಿತು. ಅಲ್ಲೇ ಮಣ್ಣು ಮಾಡಿದರು. ಮಾವುತ ಅದರ ದೇಹವನ್ನು ಅಪ್ಪಿಕೊಂಡು ಅತ್ತ ದೃಶ್ಯ ಮಕ್ಕಳೆಲ್ಲ ಮೊಬೈಲಿನಲ್ಲಿ ನೋಡಿದ್ದರು. ಸ್ಮಾರಕ ಕಟ್ಟಬೇಕೆಂದು ಜನ ಒತ್ತಾಯಿಸಿದ್ದೂ ಅವರಿಗೆ ಗೊತ್ತಿತ್ತು. ಕಾಳಿಯ ಕಲ್ಲಿಗೂ ಇದಕ್ಕೂ ಏನು ಸಾಮ್ಯ ಎಂದು ಕೇಳಿದರೆ, ಎರಡೂ ಮನುಷ್ಯ ಹೇಳಿದ ಕೆಲಸ ಮಾಡುತ್ತ ಸತ್ತವು ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು.

ಕುರುಗೋಡಿನಲ್ಲಿ ಮಾಡುವಾಗ ಒಬ್ಬರು ದೊಡ್ಡಬಸವೇಶ್ವರನನ್ನು ಸೇರಿಸಿ ಎಂದರು. ಏಕಶಿಲೆಯ ಆ ಬಸವ ಊರಿನ ಹೆಮ್ಮೆ. ಅವನು ದೇವರು, ಸ್ಮಾರಕವಲ್ಲ ಎಂಬ ವ್ಯತ್ಯಾಸವನ್ನು ಮಕ್ಕಳೇ ಗುರುತಿಸಿದರು. 'ನಮ್ಮ ಬಸ್ಯಾ'ನಿಗೆ ಆ ದೇವರ ಹೆಸರು, ಆದರೆ ಬಸ್ಯಾ ಬಸ್ಯಾನೇ.

ಮೂರನೇ ಅವಧಿ: ಯಾಕೆ ಹೋಯಿತು

ಇಲ್ಲಿಂದ ಪಾಠ ಪಠ್ಯಕ್ಕೆ ಮರಳುತ್ತದೆ. ನೆನಪಿನ ಪುಟಗಳ ಕೊನೆಯ ಸಾಲನ್ನು ಮಾತ್ರ, ಹೆಸರಿಲ್ಲದೆ, ಗುಂಪು ಮಾಡಿದೆವು: ರೋಗ, ಹಾವು, ಅಪಘಾತ, ಹೊಟ್ಟೆಯುಬ್ಬರ, ಹೆರಿಗೆ, ಮುಪ್ಪು, ಮಾರಾಟ. ರೋಗದ ಗುಂಪಿನಲ್ಲಿ ಚರ್ಮಗಂಟು ರೋಗವೇ ಮುಂದು. 2019ರಲ್ಲಿ ಭಾರತದಲ್ಲಿ ಮೊದಲು ವರದಿಯಾದ ಈ ರೋಗ 2022ರಲ್ಲಿ ರಾಜಸ್ಥಾನ, ಗುಜರಾತ್‌ಗಳ ನಂತರ ಕರ್ನಾಟಕದಲ್ಲೂ ಹಬ್ಬಿ, ಹಲವು ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆಗಳು ನಿಂತವು. ನನ್ನ ವಿದ್ಯಾರ್ಥಿಗಳು ಆಗ ಪ್ರಾಥಮಿಕ ಶಾಲೆಯಲ್ಲಿದ್ದರು. ಕಾರಣ ಒಂದು ವೈರಸ್; ಕುರಿಸಿಡುಬು, ಮೇಕೆಸಿಡುಬಿನ ವೈರಸ್‌ಗಳ ಕುಲಕ್ಕೇ ಸೇರಿದ್ದು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳ ಮೂಲಕ ಹರಡುತ್ತದೆ. ಮನುಷ್ಯರಿಗೆ ಬರುವುದಿಲ್ಲ. ಹತ್ತಿರದ ಸಂಬಂಧಿಯಾದ್ದರಿಂದಲೇ ಮೇಕೆಸಿಡುಬಿನ ಲಸಿಕೆಯನ್ನು ದನಗಳಿಗೆ ಹಾಕಲಾಯಿತು. ಪಠ್ಯದ 'ಬಾಹ್ಯ ಪರಾವಲಂಬಿಗಳು' ಎಂಬ ಒಣ ಸಾಲು ಇಲ್ಲಿ ಜೀವ ಪಡೆಯುತ್ತದೆ: ಉಣ್ಣೆ ರಕ್ತ ಹೀರುವುದಷ್ಟೇ ಅಲ್ಲ, ರೋಗ ಹೊತ್ತು ತರುತ್ತದೆ. ನೀರು ಕುಡಿಸಲು ಮರೆತೆನೆಂದು ಬರೆದಿದ್ದ ಹುಡುಗಿಗೆ ಕುರುಗೋಡಿನಲ್ಲಿ ನಾನು ಪ್ರತ್ಯೇಕವಾಗಿ ಏನೂ ಹೇಳಲಿಲ್ಲ. ಹರಡುವ ವಿಧಾನದ ಚಿತ್ರವನ್ನು ಹಲಗೆಯ ಮೇಲೆ ಬರೆಯಲು ಅವಳನ್ನೇ ಕರೆದೆ. ಸೊಳ್ಳೆ, ಬಾಣದ ಗುರುತು, ಕರು. ನೀರಿನ ಬಕೆಟ್ಟಿಗೆ ಆ ಚಿತ್ರದಲ್ಲಿ ಜಾಗವಿರಲಿಲ್ಲ. ಅವಳು ಸುಮಾರು ಹೊತ್ತು ಹಲಗೆಯ ಮುಂದೆಯೇ ನಿಂತಿದ್ದಳು.

ಲಸಿಕೆಯಿಂದ ಆಗುವುದೇನು ಎಂಬ ಪ್ರಶ್ನೆಗೆ ದೊಡ್ಡರೋಗ ಉತ್ತರ. ಒಂದು ಕಾಲಕ್ಕೆ ಊರಿಗೆ ಊರೇ ದನಗಳನ್ನು ಕಳೆದುಕೊಳ್ಳುತ್ತಿತ್ತು, ಅಜ್ಜಂದಿರನ್ನು ಕೇಳಿ ಎಂದು ಮನೆಗೆಲಸ ಕೊಟ್ಟೆ. ಭಾರತ 2006ರಲ್ಲಿ ದೊಡ್ಡರೋಗ ಮುಕ್ತವೆಂದು ಘೋಷಿತವಾಯಿತು, ಜಗತ್ತು 2011ರಲ್ಲಿ. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದಲೇ ಅಳಿಸಲಾದ ಎರಡನೇ ರೋಗ ಅದು.

ದೇಹ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು, ವಿಘಟಕಗಳ ಪಾಠಕ್ಕೆ ಇದು ಸಹಜ ಸೇತು. ರೋಗದಿಂದ ಸತ್ತ ದನವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು, ಕಾಲುವೆಗೆ ಎಸೆಯಬಾರದು. ಸಿರುಗುಪ್ಪದ ಮಕ್ಕಳಿಗೆ ಕಾಲುವೆಯ ನೀರೇ ಕುಡಿಯುವ ನೀರಾಗಿರುವುದರಿಂದ ಹೆಚ್ಚು ವಿವರಿಸಬೇಕಾಗಲಿಲ್ಲ. ಹಿಂದೆ ಬಯಲಿನ ದೇಹಗಳನ್ನು ರಣಹದ್ದುಗಳು ಮುಗಿಸುತ್ತಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವು ನಿವಾರಕ, ಸತ್ತ ದನದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು.

ಆದರೆ 'ಸತ್ತ ದನವನ್ನು ಹಿಂದೆ ಯಾರು ಸಾಗಿಸುತ್ತಿದ್ದರು?' ಎಂಬ ಪ್ರಶ್ನೆಯನ್ನು ತರಗತಿಗೆ ಎಸೆಯಬೇಡಿ. ಉತ್ತರ ಎಲ್ಲರಿಗೂ ಗೊತ್ತು. ಆ ಕೆಲಸವನ್ನು ಊರು ಯಾರ ಮೇಲೆ ಹೇರಿತ್ತೋ ಆ ಮನೆಗಳ ಮಕ್ಕಳು ಅದೇ ಬೆಂಚುಗಳಲ್ಲಿ ಕೂತಿರುತ್ತಾರೆ, ಉಳಿದವರ ಕಣ್ಣು ಅವರತ್ತ ತಿರುಗುತ್ತದೆ. ಅಸ್ಪೃಶ್ಯತೆಯ ಇತಿಹಾಸವನ್ನು ಶಾಲೆ ಹೇಳಲೇಬೇಕು. ಸಮಾಜ ವಿಜ್ಞಾನದಲ್ಲಿ, ಕಾಯ್ದೆ ಸಂವಿಧಾನಗಳ ಜೊತೆ, ತಲೆಯೆತ್ತಿ ಹೇಳಬೇಕು. ಒಂದು ಮಗುವಿನ ಕಡೆಗೆ ಬೆರಳು ತಿರುಗುವ ರೀತಿಯಲ್ಲಿ ಅಲ್ಲ. ಹಾಗೆಯೇ ಈ ಪಾಠ ಮಾಂಸಾಹಾರದ ಬಗ್ಗೆ ತೀರ್ಪು ಕೊಡುವ ವೇದಿಕೆಯಾಗದಂತೆ ನೋಡಿಕೊಳ್ಳಬೇಕು. ಕುರಿ ಸಾಕುವ ಮನೆಯ ಒಬ್ಬ ಹುಡುಗ ತನ್ನ ಟಗರಿನ ಬಗ್ಗೆ ಎರಡು ಪುಟ ಬರೆದಿದ್ದ. ಬಳ್ಳಾರಿ ಕುರಿ ಎಂಬುದೇ ಒಂದು ಗುರುತಿಸಲ್ಪಟ್ಟ ತಳಿ, ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತದ್ದು. ಅವನ ಟಗರು ಜಾತ್ರೆಗೆ ಹೋಯಿತು. ಅವನೂ ಉಂಡ, ಅವನೂ ಅತ್ತ. ಎರಡನ್ನೂ ಒಂದೇ ವಾಕ್ಯದಲ್ಲಿ ಬರೆದಿದ್ದ, ನಡುವೆ ಅಲ್ಪವಿರಾಮ ಮಾತ್ರ. ಆ ಹಾಳೆಯ ಅಂಚಿನಲ್ಲಿ ನಾನು ಏನೂ ಬರೆಯಲಿಲ್ಲ.

ಮೌಲ್ಯಮಾಪನ ಮತ್ತು ಸಮಯದ ಸಮಸ್ಯೆ

ನೆನಪಿನ ಪುಟಕ್ಕೆ ಅಂಕವಿಲ್ಲ ಎಂದೆ. ಆದರೆ ಮೂರನೇ ಅವಧಿಗೆ ಇದೆ: ಚರ್ಮಗಂಟು ರೋಗದ ಹರಡುವಿಕೆಯ ಚಿತ್ರ, ಉಣ್ಣೆ ನಿಯಂತ್ರಣದ ಎರಡು ಕ್ರಮ, ಹಾಲಿನ ಮತ್ತು ಉಳುಮೆಯ ತಳಿಗಳ ವ್ಯತ್ಯಾಸ, ಮನೆಯ ಒಂದು ಪ್ರಾಣಿಗೆ ಲಸಿಕೆಯ ವೇಳಾಪಟ್ಟಿ. ಈ ಕೊನೆಯದಕ್ಕೆ ಮಕ್ಕಳು ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಹೋಗಿ ಕೇಳಿಬಂದರು, ಕೆಲವರ ಅಪ್ಪಂದಿರು ಜೊತೆಗೆ ಹೋದರು. ಸಿರುಗುಪ್ಪದಲ್ಲಿ ರೂಪಣಾತ್ಮಕ ಪರೀಕ್ಷೆಯ ಈ ಪ್ರಶ್ನೆಗಳಿಗೆ ಬಂದ ಉತ್ತರಗಳಲ್ಲಿ ಪಠ್ಯದ ವಾಕ್ಯಗಳ ಬಾಯಿಪಾಠ ಕಡಿಮೆಯಿತ್ತು. ಮಾರ್ಗದರ್ಶಕರ ಪ್ರಶ್ನೆಗೆ ನಾನು ಮುಂದಿಟ್ಟದ್ದು ಆ ಉತ್ತರ ಪತ್ರಿಕೆಗಳನ್ನೇ.

ಮೂರು ಅವಧಿ ಎಲ್ಲಿಂದ ತರುವುದು ಎಂದು ಕೇಳುವವರಿಗೆ: ಅಧ್ಯಾಯ ಬರುವುದು ವರ್ಷದ ಕೊನೆಗೆ, ಆಗ ಎಲ್ಲರಿಗೂ ಅವಸರ. ಹಾಗಾಗಿ ನೆನಪಿನ ಪುಟವನ್ನು ಜೂನ್‌ನಲ್ಲೇ, ಸೇತುಬಂಧದ ದಿನಗಳಲ್ಲಿ ಮುಗಿಸಿಕೊಳ್ಳುವುದು ಉತ್ತಮ. ಕಾರ ಹುಣ್ಣಿಮೆಯ ಎತ್ತುಗಳ ಮೆರವಣಿಗೆ, ಅದಾಗಿ ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆ ಎರಡೂ ಶಾಲೆ ತೆರೆದ ಆಸುಪಾಸಿನಲ್ಲೇ ಬೀಳುತ್ತವೆ. ಎತ್ತಿಲ್ಲದ ಮನೆಯವರೂ ಮಣ್ಣಿನ ಎತ್ತು ಮಾಡಿ ಪೂಜಿಸುವ ಹಬ್ಬ ಅದು. ಎತ್ತು ಕಳೆದುಕೊಂಡ ಮನೆಯವರಿಗೆ ಅದಕ್ಕಿಂತ ಸರಿಯಾದ ದಿನವಿಲ್ಲ. ಹಬ್ಬ ಆಚರಿಸದ ಮನೆಯ ಮಕ್ಕಳು ತಮ್ಮ ಮೇಕೆಯನ್ನೋ ಬೆಕ್ಕನ್ನೋ ಮಾಡಲಿ, ತರಗತಿಯಲ್ಲಿ ಮಾಡುವುದು ಮಣ್ಣಿನ ಕೆಲಸ, ಪೂಜೆಯಲ್ಲ. ಪ್ರತಿ ಮಗು ತನ್ನ ಪ್ರಾಣಿಯ ಕೊಂಬು, ಹಿಣಿಲು, ಕಿವಿ ಹೇಗಿತ್ತೋ ಹಾಗೇ ಮಾಡಲಿ. ತಳಿ ಲಕ್ಷಣದ ಪಾಠ ಆಗಲೇ ಅರ್ಧ ಆದಂತೆ.

ಮಾಡುವವರಿಗೆ ಒಂದು ಸೂಚನೆ. ನಮ್ಮ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬರೀ ಎರೆಯಿಂದ ಮಾಡಿದ ಎತ್ತಿನ ಕೊಂಬು ಮೂರನೇ ದಿನಕ್ಕೆ ಉದುರುತ್ತದೆ. ಕುರುಗೋಡಿನ ಮಕ್ಕಳು ಮಣ್ಣಿಗೆ ಸಗಣಿ ಮತ್ತು ಸಣ್ಣ ಹೊಟ್ಟು ಕಲಸಿ, ಕೊಂಬಿನೊಳಗೆ ಹತ್ತಿಕಡ್ಡಿ ಇಟ್ಟು, ಬಿಸಿಲಿಗಿಡದೆ ಬೆಂಚಿನ ಕೆಳಗೆ ನೆರಳಲ್ಲಿ ಒಣಗಿಸಿದರು. ಹೊಟ್ಟೆಯ ಕೆಳಗೆ, ಮಣ್ಣು ಹಸಿಯಿರುವಾಗಲೇ, ಕಡ್ಡಿಯಿಂದ ಹೆಸರು ಬರೆಯಲು ಹೇಳಬೇಕು. ಒಣಗಿದ ಮೇಲೆ ಬರೆಯಲು ಬರುವುದಿಲ್ಲ.